ದಾರಿ ತೆರೆದಿದೆ ಅಂದರೆ ಹೋಗಬಹುದು ಅಂತಲ್ಲ

ಲಾಸ್ ಏಂಜಲೀಸ್ ಸುತ್ತಮುತ್ತ ಇರುವ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಜನವರಿ ಬಂತೆಂದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಲಾಂಗ್ ವೀಕೆಂಡ್ ಇದೆ, ಜಿಯಾನ್ ಓಪನ್ ಇರುತ್ತಾ?" ಇರುತ್ತದೆ. ಯೂಟಾ ರಾಜ್ಯದ ಜಿಯಾನ್ ರಾಷ್ಟ್ರೀಯ ಉದ್ಯಾನ ವರ್ಷವಿಡೀ ತೆರೆದಿರುತ್ತದೆ. ಆದರೆ ಈ ಪ್ರಶ್ನೆಯಲ್ಲೇ ನಮ್ಮ ಊರಿನ ಒಂದು ಅಭ್ಯಾಸ ಅಡಗಿದೆ ಅಂತ ನನಗೆ ಅನಿಸುತ್ತದೆ. ನಾವು ಗೇಟು ನೋಡಿ ಬೆಳೆದವರು. ಗೇಟು ಹಾಕಿದ್ದರೆ ವಾಪಸ್, ತೆಗೆದಿದ್ದರೆ ಒಳಗೆ. ಬಿಟ್ಟಿದ್ದಾರೆ ಅಂದಮೇಲೆ ಯಾರೋ ಎಲ್ಲಾ ನೋಡಿಯೇ ಬಿಟ್ಟಿರುತ್ತಾರೆ ಅನ್ನುವ ನಂಬಿಕೆ ನಮ್ಮದು. ಚಳಿಗಾಲದ ಜಿಯಾನ್‌ನಲ್ಲಿ ಈ ನಂಬಿಕೆ ನಡೆಯುವುದಿಲ್ಲ.

ಹಾಗಂತ ಹೋಗಬೇಡಿ ಅನ್ನುತ್ತಿಲ್ಲ. ಜಿಯಾನ್‌ಗೆ ಚಳಿಗಾಲವೇ ಸರಿ ಅನ್ನುವ ಪಕ್ಷ ನನ್ನದು. ಬೇಸಿಗೆಯಲ್ಲಿ ಬಿಸಿಲು 38 ಡಿಗ್ರಿ ದಾಟುತ್ತದೆ. ಶಟಲ್ ಬಸ್ಸು ಓಡುವ ತಿಂಗಳುಗಳಲ್ಲಿ, ಅಂದರೆ ಸಾಮಾನ್ಯವಾಗಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಮತ್ತು ಕ್ರಿಸ್‌ಮಸ್ ರಜೆಯಲ್ಲಿ, ಕಣಿವೆಯ ಒಳರಸ್ತೆಗೆ ನಮ್ಮ ಕಾರು ಬಿಡುವುದಿಲ್ಲ. ಕ್ರಿಸ್‌ಮಸ್ ರಜೆ ಮುಗಿದು ಶಟಲ್ ನಿಂತ ಮೇಲೆ ವರ್ಜಿನ್ ನದಿಯ ಪಕ್ಕದಲ್ಲೇ ಕೊನೆಯವರೆಗೂ ಕಾರಿನಲ್ಲಿ ಹೋಗಬಹುದು. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ರಸ್ತೆ ಮುಗಿಯುವಲ್ಲಿ ಶುರುವಾಗುವ ರಿವರ್‌ಸೈಡ್ ವಾಕ್ ಹೆಚ್ಚುಕಡಿಮೆ ಸಮತಟ್ಟು. ಹೋಗಿ ಬರಲು ಮೂರೂವರೆ ಕಿಲೋಮೀಟರ್. ಮಂಡಿ ನೋವಿನವರೂ ನಿಧಾನಕ್ಕೆ ನಡೆಯಬಹುದು, ಬೇಡ ಅನಿಸಿದಲ್ಲಿ ತಿರುಗಬಹುದು. ರಜೆ ದಿನಗಳಲ್ಲಿ ಮಾತ್ರ ಬೇಗ ಹೊರಡಿ. ಪಾರ್ಕಿಂಗ್ ತುಂಬಿದರೆ ಒಳರಸ್ತೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತಾರೆ.

ಇನ್ನು ಐಸಿನ ವಿಷಯ. ಮರುಭೂಮಿಯಲ್ಲಿ ಐಸ್ ಎಲ್ಲಿಂದ ಅಂತ ನಮ್ಮವರು ನಗುತ್ತಾರೆ. ಕಣಿವೆಯ ತಳವೇ ಸುಮಾರು 4,000 ಅಡಿ ಎತ್ತರದಲ್ಲಿದೆ. ಜನವರಿಯಲ್ಲಿ ಹಗಲು ಹತ್ತು ಡಿಗ್ರಿ ಆಸುಪಾಸು, ರಾತ್ರಿ ಸೊನ್ನೆಗಿಂತ ಕೆಳಗೆ. ಮೇಲಿನ ನವಾಜೋ ಮರಳುಗಲ್ಲು ಮಳೆ, ಹಿಮದ ನೀರನ್ನು ಹೀರಿಕೊಂಡು ನಿಧಾನವಾಗಿ ಕೆಳಗೆ ಬಿಡುತ್ತದೆ. ಅದರ ಕೆಳಗಿನ ಕಯೆಂಟಾ ಪದರ ನೀರನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ನೀರು ಬಂಡೆಯ ಬದಿಯಿಂದ ಜಿನುಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಹಸಿರು ಬೆಳೆದಿರುತ್ತದೆ, ಚಳಿಗಾಲದಲ್ಲಿ ಅದೇ ನೀರು ಗಟ್ಟಿಯಾಗಿ ತಲೆಯ ಮೇಲೆ ನೇತಾಡುತ್ತದೆ. ಬಿಸಿಲು ತಾಗಿದರೆ ಕಳಚಿ ಬೀಳುತ್ತದೆ. ಎಮರಾಲ್ಡ್ ಪೂಲ್ಸ್ ದಾರಿಯನ್ನು ಆಗಾಗ ಮುಚ್ಚುವುದು ಇದಕ್ಕೇ. ಮುಚ್ಚದೇ ಇರುವ ದಾರಿಗಳಲ್ಲೂ ನೆರಳಿನ ಕಡೆ ತೆಳ್ಳಗೆ ಐಸ್ ಕಟ್ಟಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಹಿತ್ತಲ ಕಲ್ಲಿನ ಹಾಗೆ ಜಾರುತ್ತದೆ.

ವಿಸಿಟರ್ ಸೆಂಟರಿನಲ್ಲಿ ರೇಂಜರ್‌ಗಳು ಇದನ್ನೆಲ್ಲ ಹೇಳುತ್ತಾರೆ. ಯಾವ ದಾರಿಯಲ್ಲಿ ಎಲ್ಲಿಂದ ಐಸ್ ಶುರು, ಗಾಳಿ ಹೇಗಿದೆ, ಕತ್ತಲೆ ಎಷ್ಟೊತ್ತಿಗೆ. ಹೋಗಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ನಮ್ಮ ಜೊತೆ ಬಂದಿದ್ದ ಒಬ್ಬರು ಪಟ್ಟು ಬಿಡದೆ ಕೇಳುತ್ತಿದ್ದರು, "ಅದೆಲ್ಲ ಸರಿ, ಈಗ ನಾವು ಹೋಗಬಹುದಾ ಇಲ್ವಾ?" ಆ ರೇಂಜರ್ ಹುಡುಗಿ ನಗುತ್ತಾ ಮತ್ತೆ ಅದನ್ನೇ ಹೇಳಿದಳು. ಮೇಲೆ ಐಸ್ ಇದೆ, ನಿಮ್ಮ ಹತ್ತಿರ ಸ್ಪೈಕ್ ಇದೆಯಾ? ಶೂಗೆ ಹಾಕಿಕೊಳ್ಳುವ ಮುಳ್ಳಿನ ಚೈನು ಅದು. ಪಕ್ಕದ ಸ್ಪ್ರಿಂಗ್‌ಡೇಲ್ ಊರಿನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಕೇಳಿದವರಿಗೆ ಮಾತ್ರ ಉತ್ತರ ಸಿಗಲಿಲ್ಲ ಅನ್ನುವ ಅಸಮಾಧಾನ. ನನಗೆ ಅದೇ ಪೂರ್ತಿ ಉತ್ತರ ಅನಿಸಿತು.

ಏಂಜಲ್ಸ್ ಲ್ಯಾಂಡಿಂಗ್ ವಿಷಯದಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಚೈನು ಹಿಡಿದು ಹತ್ತುವ ಆ ಕಿರಿದಾದ ಬಂಡೆಯ ಏರಿಗೆ 2022ರ ಏಪ್ರಿಲ್‌ನಿಂದ ಲಾಟರಿ ಪರ್ಮಿಟ್ ಬೇಕು, ಚಳಿಗಾಲದಲ್ಲೂ. ಹಿಂದಿನ ದಿನ ಅರ್ಜಿ ಹಾಕಿದರೂ ಸಿಗುವ ಸಾಧ್ಯತೆ ಇದೆ. ಸಿಕ್ಕಿತೆಂದರೆ ಗುಂಪಿನಲ್ಲಿ ಸಂಭ್ರಮ. ಆದರೆ ಪರ್ಮಿಟ್ ಇರುವುದು ಜನರ ನೂಕುನುಗ್ಗಲು ತಡೆಯಲು. ಆ ದಿನ ಬಂಡೆ ಒಣಗಿದೆಯೋ ಇಲ್ಲವೋ ಅಂತ ಅದು ಹೇಳುವುದಿಲ್ಲ. ಅಲ್ಲಿ ಬಿದ್ದು ಸತ್ತವರಿದ್ದಾರೆ. ಪರ್ಮಿಟ್ ಬೇಡದ ಸ್ಕೌಟ್ ಲುಕೌಟ್‌ವರೆಗಿನ ದಾರಿಯಲ್ಲೂ ರೆಫ್ರಿಜರೇಟರ್ ಕ್ಯಾನ್ಯನ್ ಅನ್ನುವ ಭಾಗ ಇದೆ. ಹೆಸರು ಸುಮ್ನೆ ಇಟ್ಟಿಲ್ಲ.

ಇದನ್ನೆಲ್ಲ ನೋಡುವಾಗ ನನಗೆ ಕುಮಾರಪರ್ವತ ನೆನಪಾಗುತ್ತದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಜಾತ್ರೆಯಂತೆ ಜನ ಸೇರಿದ ವಿಡಿಯೋ ಎಲ್ಲರೂ ನೋಡಿದ್ದೀರಿ. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇರುವ ದಾರಿಗಳನ್ನು ಬಿಟ್ಟು ಉಳಿದ ಕಡೆ ಚಾರಣ ನಿಲ್ಲಿಸಿತು. ಮುಂದೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಟಿಕೆಟ್ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅನ್ನುವ ಮಿತಿ ಬಂತು. ಮಿತಿ ಬೇಕಿತ್ತು, ನಾನು ಅದರ ಪರ. ಆದರೆ ಮಿತಿ ಒಂದೇ ಸಾಲದು. ಈ ವಾರ ಎಲ್ಲಿ ನೀರಿಲ್ಲ, ಎಲ್ಲಿ ಬಂಡೆ ಜಾರುತ್ತದೆ, ಎಷ್ಟೊತ್ತಿಗೆ ಇಳಿಯಲು ಶುರು ಮಾಡಬೇಕು ಅಂತ ದಾರಿ ದಾರಿಗೂ ಹೇಳುವ ಪದ್ಧತಿ ನಮ್ಮಲ್ಲಿ ಬೆಳೆಯಬೇಕು. ತೆಗೆ ಅಥವಾ ಮುಚ್ಚು ಅನ್ನುವ ಎರಡೇ ಆಜ್ಞೆಗಳಲ್ಲಿ ಬೆಳೆದವನು ಯೋಚಿಸುವುದನ್ನು ಕಲಿಯುವುದಿಲ್ಲ. ಅಮೆರಿಕಕ್ಕೆ ಬಂದು ಟೆನಿಸ್ ಶೂನಲ್ಲಿ ಐಸ್ ಹತ್ತುತ್ತಾನೆ.

ಊರಿನ ಪದ್ಧತಿಯಲ್ಲಿ ಒಂದು ಮಾತ್ರ ಇಲ್ಲಿ ಸಿಗುವುದಿಲ್ಲ. ಕುಮಾರಪರ್ವತದ ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ ಹೇಳಿ ಮೇಲೆ ಹೋದವರು ಬರದಿದ್ದರೆ ಅಲ್ಲಿ ಗೊತ್ತಾಗುತ್ತಿತ್ತು. ಜಿಯಾನ್‌ನಲ್ಲಿ ನೀವು ಇಳಿದಿರಾ ಅಂತ ಯಾರೂ ಲೆಕ್ಕ ಇಡುವುದಿಲ್ಲ. ಕಣಿವೆಯೊಳಗೆ ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಹಾಗಾಗಿ ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಹೋಟೆಲಿನಲ್ಲಿ ಉಳಿದ ಅತ್ತೆಗೋ ಊರಲ್ಲಿರುವ ಗೆಳೆಯನಿಗೋ ಹೇಳಿ ಹೋಗುವುದು ನಮ್ಮ ಕೆಲಸ.

ಇನ್ನೊಂದು ಜಗಳ ನಮ್ಮವರು ಮಾಡುವ ನೋಡಬೇಕಾದ ಜಾಗಗಳ ಪಟ್ಟಿಯ ಜೊತೆ. "ಅಷ್ಟು ದೂರ ಹೋಗಿ ಬ್ರೈಸ್ ಕ್ಯಾನ್ಯನ್ ಬಿಡೋದಾ?" ಬಿಡಿ. ಬ್ರೈಸ್ ಇನ್ನೊಂದು ರಾಷ್ಟ್ರೀಯ ಉದ್ಯಾನ, ಅದರ ಅಂಚು 8,000 ಅಡಿಗೂ ಮೇಲಿದೆ, ಜಿಯಾನ್‌ನಿಂದ ಸುಮಾರು ಎರಡು ಗಂಟೆ ದಾರಿ, ಚಳಿಗಾಲದಲ್ಲಿ ಹಿಮ. ಜನವರಿ ನಡುವೆ ಸೂರ್ಯ ಐದೂವರೆ ಹೊತ್ತಿಗೆ ಮುಳುಗುತ್ತಾನೆ, ಜಿಯಾನ್ ಕಣಿವೆಯ ಗೋಡೆಗಳ ನಡುವೆ ನೆರಳು ಅದಕ್ಕೂ ಎಷ್ಟೋ ಮೊದಲೇ ಬರುತ್ತದೆ. ದಿನಕ್ಕೆ ಒಂದು ದೊಡ್ಡ ನಡಿಗೆ, ಒಂದು ಸಣ್ಣದು. ಅದಕ್ಕಿಂತ ಜಾಸ್ತಿ ಬರೆದರೆ ಐಸ್ ಕಂಡರೂ ತಿರುಗಲು ಮನಸ್ಸು ಬರುವುದಿಲ್ಲ, ಪಟ್ಟಿ ಮುಗಿಸುವ ಹಟ ಹಿಡಿಯುತ್ತದೆ. ಎರಡನೇ ದಿನ ರಸ್ತೆ ಸರಿ ಇದೆ ಅಂದರೆ 1930ರಲ್ಲಿ ಮುಗಿದ ಸುರಂಗ ದಾಟಿ ಪೂರ್ವದ ಕಡೆ ಹೋಗಿ. ಚೆಕರ್‌ಬೋರ್ಡ್ ಮೆಸಾ ಬಂಡೆಯ ಮೇಲೆ ಹಿಮ ಗೀಟು ಗೀಟಾಗಿ ನಿಂತಿರುತ್ತದೆ. ಕೆಲವೊಮ್ಮೆ ದೊಡ್ಡ ಕೊಂಬಿನ ಕಾಡುಕುರಿಗಳು ರಸ್ತೆ ಪಕ್ಕವೇ ಕಾಣುತ್ತವೆ. ಕಾರಿನಲ್ಲೇ ಕೂತು ಪುಳಿಯೋಗರೆ ತಿನ್ನಲು ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ವಾಪಸ್ ಬರುವ ದಿನ ಬೆಳಿಗ್ಗೆಯೇ ಹೊರಡಿ. ಯೂಟಾ ಸಮಯ ನಮಗಿಂತ ಒಂದು ಗಂಟೆ ಮುಂದೆ, ಹೋಗುವಾಗ ಕಳೆದ ಗಂಟೆ ಬರುವಾಗ ಸಿಗುತ್ತದೆ. ವೇಗಸ್ ದಾಟಿ ಗಡಿಯ ಪ್ರಿಮ್ ಊರಿನ ಹತ್ತಿರ ಕ್ಯಾಲಿಫೋರ್ನಿಯಾದವರೆಲ್ಲ ಒಟ್ಟಿಗೆ ಮನೆಗೆ ಹೊರಟಿರುತ್ತಾರೆ. ಸಿಕ್ಕ ಗಂಟೆ ಅಲ್ಲೇ ಹೋಗುತ್ತದೆ.