ನಾಲ್ಕೋ ಐದೋ ರಿಂಗು

ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಫೋನು ಟಿಣ್ ಎಂದಿತು. ಯಾರೋ ನನ್ನನ್ನು ನೆನೆಸಿಕೊಂಡರಲ್ಲ ಎಂದು ಬಾಯಿ ತುಂಬ ನೊರೆ ಇಟ್ಟುಕೊಂಡೇ ಓಡಿದೆ. ನೆನೆಸಿಕೊಂಡಿದ್ದು ಸಿಮ್ ಕಂಪನಿ. ನಿಮ್ಮ ಪ್ಯಾಕು ಇನ್ನು ಮೂರು ದಿನಕ್ಕೆ ಮುಗಿಯುತ್ತದೆ, ಈಗಲೇ ರೀಚಾರ್ಜ್ ಮಾಡಿ.

ಮೊನ್ನೆ ಮೊನ್ನೆ ಮಾಡಿದ್ದೆನಲ್ಲ ಎಂದು ನೋಡಿದರೆ, ನಿಜಕ್ಕೂ ತಿಂಗಳಾಗಿರಲಿಲ್ಲ. ಆಗುವುದೂ ಇಲ್ಲ. ಅವರ ಲೆಕ್ಕದಲ್ಲಿ ತಿಂಗಳೆಂದರೆ 28 ದಿನ. ನಮಗೆಲ್ಲ ಫೆಬ್ರವರಿ ವರ್ಷಕ್ಕೊಂದು ಬಂದರೆ ಅವರಿಗೆ 13 ಬರುತ್ತವೆ. 28ನ್ನು 13ರಿಂದ ಗುಣಿಸಿ ನೋಡಿದೆ. 364. ಮಿಕ್ಕ ಒಂದು ದಿನ ಕಂಪನಿಯವರು ಪಾಪ ವಿಶ್ರಾಂತಿ ತೆಗೆದುಕೊಳ್ಳುತ್ತಾರೇನೋ.

ಸಿಟ್ಟಿಗೆ ನನ್ನ ಕರೆಗಳ ಪಟ್ಟಿ ತೆಗೆದು ಕೂಡಿದೆ. 28 ದಿನಕ್ಕೆ ನಾನು ಮಾತಾಡಿದ್ದು ಒಟ್ಟು 41 ನಿಮಿಷ. ಅದರಲ್ಲಿ 17 ನಿಮಿಷ ‘ನಿಮ್ಮ ಕರೆ ನಮಗೆ ಬಹಳ ಮುಖ್ಯ’ ಎಂದು ಒಬ್ಬ ಹೆಂಗಸು ನನಗೆ ಹೇಳುತ್ತಿದ್ದಳು. ಅದನ್ನು ಮಾತುಕತೆ ಎನ್ನಲಾಗದು. ಉಳಿದ 24 ನಿಮಿಷಕ್ಕೆ ನನಗೆ ಅನ್‌ಲಿಮಿಟೆಡ್ ಪ್ಯಾಕು! ಒಂದು ಚೊಂಬು ನೀರು ಕೇಳಿದರೆ ಕೆರೆಯನ್ನೇ ಇಟ್ಟುಕೋ ಎನ್ನುತ್ತಾರೆ. ಡೇಟಾ ಎಂಬ ಇನ್ನೊಂದು ಕೆರೆಯೂ ಜೊತೆಗಿದೆ. ಅದು ದಿನಾ ರಾತ್ರಿ 12ಕ್ಕೆ ತಾನಾಗಿಯೇ ಬತ್ತಿಹೋಗುತ್ತದೆ. ಕುಡಿಯದಿದ್ದರೆ ತಪ್ಪು ನಮ್ಮದು.

ಸರಿ, ಕಡಿಮೆ ಮಾತಿನವರಿಗೆ ತಕ್ಕ ಸಣ್ಣ ಸಿಮ್ ಒಂದನ್ನು ಹುಡುಕೋಣ ಎಂದು ನೋಟ್ ಪುಸ್ತಕ ತೆಗೆದುಕೊಂಡು ಕೂತೆ. ಮೂರು ದಿನ ಧಾರಾಳ ಸಾಕು ಅಂದುಕೊಂಡೆ.

ಮೊದಲು ಸಿಕ್ಕ ಪ್ಲಾನಿನಲ್ಲಿ ಮಾತಾಡಿದಷ್ಟಕ್ಕೇ ದುಡ್ಡು. ಇದೇ ನನ್ನ ಸಿಮ್ ಎಂದು ಕುಣಿದೆ. ಆಮೇಲೆ ಸಣ್ಣ ಅಕ್ಷರ ಓದಿದೆ. ಲೆಕ್ಕ ಸೆಕೆಂಡಿಗಲ್ಲ, ನಿಮಿಷಕ್ಕೆ. 61 ಸೆಕೆಂಡು ಮಾತಾಡಿದರೆ 2 ನಿಮಿಷದ ದುಡ್ಡು. ಅಂದರೆ ‘ಸರಿ, ಇಡ್ತೀನಿ ಹಾಗಾದ್ರೆ’ ಎನ್ನುವ ಮಾತಿಗೇ ಒಂದು ನಿಮಿಷ ಹೋಗುತ್ತದೆ. ನಮ್ಮಲ್ಲಿ ಯಾರಾದರೂ ಅದನ್ನು ಒಂದೇ ಸಲ ಹೇಳಿ ಫೋನ್ ಇಟ್ಟಿದ್ದುಂಟಾ? ಇನ್ನೊಂದು ಪ್ಲಾನು ಸೆಕೆಂಡಿನ ಲೆಕ್ಕದ್ದೇ, ಆದರೆ ಬ್ಯಾಲೆನ್ಸಿಗೆ ವಾಯಿದೆ. ದುಡ್ಡು ನನ್ನದು, ಖರ್ಚು ಮಾಡಿಲ್ಲ, ಆದರೂ ತಾರೀಕು ದಾಟಿದರೆ ಅದು ನನ್ನದಲ್ಲ. ಮಾತು ಬೇಡ, ಎಸ್ಎಂಎಸ್ ಕಳಿಸಿಕೊಂಡಿರೋಣ ಅಂದರೆ ಅಲ್ಲೂ ಕೊಕ್ಕೆ. ಇಂಗ್ಲಿಷಿನಲ್ಲಿ ಬರೆದರೆ ಒಂದು ಎಸ್ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ ಬರೆದರೆ 70. ಅದೂ ನಾವು ಎಣಿಸುವ ಹಾಗಲ್ಲ. ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಹಿಡಿಯುತ್ತಾರೆ. 1991ರಲ್ಲಿ ಫಿನ್ಲೆಂಡಿನ ಕಂಪನಿಯೊಂದಕ್ಕೆ ಮೊದಲ 300 ಸಿಮ್ ಕಾರ್ಡುಗಳು ಹೋದಾಗ ಒಂದೊಂದೂ ಈಗಿನ ಎಟಿಎಂ ಕಾರ್ಡಿನಷ್ಟು ಅಗಲ ಇದ್ದವಂತೆ. ಈಗ ಉಗುರಿನಷ್ಟಾಗಿದೆ, ಕೈಜಾರಿ ಬಿದ್ದರೆ ಮಂಚದ ಕೆಳಗೆ ಟಾರ್ಚ್ ಹಿಡಿದು ತೆವಳಬೇಕು. ಸಿಮ್ ಸಣ್ಣದಾಯಿತು, ಪ್ಯಾಕು ಮಾತ್ರ ಊದಿಕೊಂಡಿತು.

ಕಡಿಮೆ ಮಾತು ಅಂದಾಗ ನನಗೆ ನೆನಪಾಗುವುದು ಚಿಕ್ಕಪ್ಪ. ಅವರು ಮೊಬೈಲ್ ತೆಗೆದುಕೊಂಡಿದ್ದೇ ಮಾತಾಡದೆ ಇರುವುದಕ್ಕೆ. ಆ ಕಡೆಯವರು ಎತ್ತದಿದ್ದರೆ ದುಡ್ಡು ಹೋಗುವುದಿಲ್ಲ ಎಂದು ಗೊತ್ತಾದ ದಿನ ಅವರ ಮುಖ ನೋಡಬೇಕಿತ್ತು. ಮಿಸ್ಡ್ ಕಾಲ್ ಅವರೊಬ್ಬರ ಉಪಾಯವೇನಲ್ಲ. ಆಫ್ರಿಕಾದ ಎಷ್ಟೋ ದೇಶಗಳಲ್ಲೂ ಜನ ಇದನ್ನೇ ಮಾಡುತ್ತಾರೆ, ಅಲ್ಲಿ ಅದಕ್ಕೆ ಬೀಪಿಂಗ್, ಫ್ಲ್ಯಾಶಿಂಗ್ ಎಂಬ ಹೆಸರುಗಳಿವೆ. ಆದರೆ ಅವರು ಯಾರೂ ಚಿಕ್ಕಪ್ಪನ ಹಾಗೆ ಅದಕ್ಕೊಂದು ಸಂವಿಧಾನ ಬರೆದಿರಲಾರರು.

ಫೋನಿನ ಪಕ್ಕದ ಗೋಡೆಗೆ ಚೀಟಿ ಅಂಟಿಸಿದ್ದರು. ಒಂದು ರಿಂಗ್: ತಲುಪಿದೆ. ಎರಡು: ಹೊರಟೆ. ಮೂರು: ತಡವಾಗುತ್ತದೆ, ಕಾಯಬೇಡ. ನಾಲ್ಕು: ನೀನೇ ಫೋನ್ ಮಾಡು. ಚಿಕ್ಕಮ್ಮನಿಗೆ ಇದನ್ನು ಒಂದು ವಾರ ಬಾಯಿಪಾಠ ಮಾಡಿಸಿದರು. ನೆಂಟರಾದ ತಪ್ಪಿಗೆ ನಾವೂ ಕಲಿತೆವು. ಯಾವ ಕಾರಣಕ್ಕೂ ಫೋನ್ ಎತ್ತಬಾರದು ಎನ್ನುವುದು ಚೀಟಿಯ ಕೊನೆಯ ಸಾಲು, ಕೆಂಪು ಶಾಯಿಯಲ್ಲಿ. ಚಿಕ್ಕಮ್ಮ ಒಮ್ಮೆ ಮರೆತು ಎತ್ತಿ ‘ಹಲೋ’ ಎಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಅದರಲ್ಲೂ ಉಳಿತಾಯವೇ.

ಒಂದು ಸಂಜೆ ಚಿಕ್ಕಪ್ಪ ಆಫೀಸಿನಿಂದ ಎರಡು ರಿಂಗ್ ಕೊಟ್ಟು ಹೊರಟರು. ಚಿಕ್ಕಮ್ಮನಿಗೆ ಕೇಳಿಸಿದ್ದು ಮೂರು. ತಡವಂತೆ, ಕಾಯಬೇಡವಂತೆ ಎಂದು ಅವರು ಆರಾಮವಾಗಿ ಮನೆಗೆ ಬೀಗ ಹಾಕಿ ಅಕ್ಕನ ಮನೆಗೆ ಹೋದರು, ಮೊಬೈಲು ಬ್ಯಾಗಿನಲ್ಲಿ. ಚಿಕ್ಕಪ್ಪ ಬಂದು ನೋಡಿದರೆ ಬೀಗ. ಮೆಟ್ಟಿಲ ಮೇಲೆ ಕೂತು ನಾಲ್ಕು ರಿಂಗ್ ಕೊಟ್ಟರು. ಉತ್ತರ ಬರಲಿಲ್ಲ. ಮತ್ತೆ ನಾಲ್ಕು. ಹತ್ತು ನಿಮಿಷ ಬಿಟ್ಟು ಮತ್ತೆ ನಾಲ್ಕು. ಕತ್ತಲಾಯಿತು, ಸೊಳ್ಳೆ ಬಂತು. ಎರಡು ಗಂಟೆ ಕಾಲ ಆ ಮನುಷ್ಯ ಬ್ಯಾಲೆನ್ಸ್ ತುಂಬಿದ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಸೊಳ್ಳೆ ಹೊಡೆಯುತ್ತ ಕೂತಿದ್ದರೇ ಹೊರತು ಒಂದು ನಿಜವಾದ ಕಾಲ್ ಮಾಡಲಿಲ್ಲ.

ಚಿಕ್ಕಮ್ಮ ಬಂದ ಮೇಲೆ ಮೆಟ್ಟಿಲ ಮೇಲೇ ಜಗಳ.

‘ನಾಲ್ಕು ರಿಂಗ್ ಕೊಟ್ರೆ ಫೋನ್ ಮಾಡಬೇಕು ಅಂತ ಗೊತ್ತಿಲ್ವೇನೇ?’

‘ನಾಲ್ಕೆಲ್ಲಿ ಬಂತು? ಪ್ರತಿ ಸಲ ಐದು ಬಂತು. ಐದು ಅಂದ್ರೆ ಏನೂಂತ ಚೀಟೀಲಿ ಬರೆದಿಲ್ವಲ್ರೀ!’

ಇಬ್ಬರೂ ಹೇಳಿದ್ದು ನಿಜ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಫೋನ್ ಮಾಡಿದವರ ಕಿವಿಗೆ ಬೀಳುವ ಟ್ರಿಣ್ ಟ್ರಿಣ್ ಆ ಕಡೆಯ ಫೋನಿನ ಸದ್ದಲ್ಲ. ಅದು ಈ ಕಡೆಯವರ ಸಮಾಧಾನಕ್ಕೆ ನೆಟ್‌ವರ್ಕು ಬೇರೆಯಾಗಿ ಕೇಳಿಸುವ ಸದ್ದು. ಆ ಕಡೆ ಫೋನು ತನ್ನ ತಾಳಕ್ಕೆ ತಾನು ಹೊಡೆದುಕೊಳ್ಳುತ್ತಿರುತ್ತದೆ. ಇಲ್ಲಿಯ ಎರಡು ಅಲ್ಲಿ ಮೂರಾಗಬಹುದು, ಒಂದಾಗಲೂಬಹುದು. ಅಂದರೆ ಚಿಕ್ಕಪ್ಪನ ಇಡೀ ಸಂವಿಧಾನ ಮೊದಲ ದಿನದಿಂದಲೂ ಅಂದಾಜಿನ ಮೇಲೆ ನಡೆದಿತ್ತು. ಹೋಗಿ ಹೇಳಿದೆ. ಅವರು ನಂಬಲಿಲ್ಲ. ‘ನಿನ್ನ ಚಿಕ್ಕಮ್ಮನಿಗೆ ಎಣಿಸೋಕೆ ಬರಲ್ಲ’ ಎಂದರು. ಚೀಟಿಗೆ ಆ ಜಗಳದ ಮರುದಿನವೇ ಒಂದು ತಿದ್ದುಪಡಿ ಬಂದಿತ್ತು. ಐದು ರಿಂಗ್: ಮೆಟ್ಟಿಲ ಮೇಲೆ ಕೂತಿದ್ದೇನೆ.

ಈಗ ಚಿಕ್ಕಪ್ಪನದೂ ಅನ್‌ಲಿಮಿಟೆಡ್ ಪ್ಯಾಕು. ಬೇರೆ ದಾರಿ ಇಲ್ಲದೆ ಹಾಕಿಸಿಕೊಂಡಿದ್ದಾರೆ. ಎಷ್ಟು ಬೇಕಾದರೂ ಮಾತಾಡಬಹುದು. ಆದರೂ ಮಿಸ್ಡ್ ಕಾಲೇ ಕೊಡುತ್ತಾರೆ, ತಿರುಗಿ ನಾವೇ ಮಾಡಬೇಕು. ಒಮ್ಮೆ ರೇಗಿ ಕೇಳಿದ್ದಕ್ಕೆ, ‘ಫ್ರೀ ಅಂತ ಸುಮ್ನೆ ಮಾತಾಡೋದಕ್ಕಾಗುತ್ತಾ?’ ಎಂದರು. ಈ ಮಾತಿಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ, ಸಿಟ್ಟು ಮಾತ್ರ ಇದೆ.

ಎಲ್ಲಿದ್ದೆ? ಹಾಂ, ನೋಟ್ ಪುಸ್ತಕ. ಪ್ಯಾಕಿನ ಬೆಲೆಯನ್ನು ದಿನಗಳಿಂದ ಭಾಗಿಸಿದರೆ ಯಾವುದು ಅಗ್ಗ ಎಂದು ತಿಳಿಯುತ್ತದೆ ಎಂದು ಗೊತ್ತಾಯಿತು. ಭಾಗಿಸಿದೆ. ವರ್ಷದ ಪ್ಯಾಕು ಅಗ್ಗ, ಆದರೆ ಒಂದೇ ಸಲಕ್ಕೆ ಅಷ್ಟು ಕೊಡಬೇಕು. ಪುಟ ತುಂಬ ಗೆರೆ ಎಳೆದೆ, ಹೊಡೆದು ಹಾಕಿದೆ, ಮತ್ತೆ ಎಳೆದೆ. ನಂಬರನ್ನೇ ಬಿಟ್ಟುಬಿಡೋಣ ಅಂದರೆ ಬ್ಯಾಂಕಿನ ಓಟಿಪಿ ಅದಕ್ಕೇ ಬರುತ್ತದೆ. ಹೀಗೆ ಗುಣಾಕಾರ ಭಾಗಾಕಾರ ನಡೆದಿರುವಾಗಲೇ ಮೂರು ದಿನ ಕಳೆದು ಪ್ಯಾಕು ಮುಗಿದುಹೋಯಿತು. ನಮ್ಮ ಕಡೆಯಿಂದ ಕರೆ ಬಂದ್. ಬರುವ ಕರೆ ಮಾತ್ರ ಇನ್ನೂ ಸ್ವಲ್ಪ ದಿನ ಬರುತ್ತವೆ ಎಂದು ಕಂಪನಿ ದೊಡ್ಡ ಮನಸ್ಸು ಮಾಡಿ ತಿಳಿಸಿತು.

ಅದೇ ಸಂಜೆ ಫೋನು ಹೊಡೆದುಕೊಂಡಿತು. ಚಿಕ್ಕಪ್ಪ. ಎತ್ತಬೇಕು ಎನ್ನುವಷ್ಟರಲ್ಲಿ, ಹಳೇ ಭಯಕ್ಕೆ, ಕೈ ಹಿಂದೆ ಬಂತು. ನಿಂತಿತು. ನಾಲ್ಕು ಹೊಡೆಯಿತೋ ಐದೋ, ನಾನು ಎಣಿಸುವುದು ಬಿಟ್ಟು ಬಹಳ ದಿನವಾಗಿದೆ. ನಾಲ್ಕಾದರೆ ನಾನು ಫೋನ್ ಮಾಡಬೇಕು, ಮಾಡುವ ಹಾಗಿಲ್ಲ. ಐದಾದರೆ?

ಎದ್ದು ಹೋಗಿ ಬಾಗಿಲು ತೆಗೆದು ನೋಡಿದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.