ಮುದ್ರೆಯ ಕೆಳಗಿನ ಸಂಖ್ಯೆ

ಮುಂಬಯಿಯ ಹೋಟೆಲುಗಳಿಗೂ ಮನೆಗಳಿಗೂ ವೈರಿಂಗ್ ಮಾಡಿಕೊಡುವ ಕೆಲಸದಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಇದ್ದೇನೆ. ಕಳೆದ ತಿಂಗಳು ಡೊಂಬಿವಲಿಯಲ್ಲಿ ನಮ್ಮ ಊರ ಕಡೆಯ ನಾಲ್ವರು ಹುಡುಗರು ಬಾಡಿಗೆಗಿರುವ ಕೋಣೆಯಲ್ಲಿ, ಬಕೆಟ್ಟಿನ ನೀರು ಕಾದಿದೆಯೇ ಎಂದು ಬೆರಳಿಟ್ಟು ನೋಡಿದವನಿಗೆ ಶಾಕ್ ಹೊಡೆಯಿತು. ಪಕ್ಕದಲ್ಲಿದ್ದವನು ಕೂಡಲೇ ಸ್ವಿಚ್ ಆರಿಸಿದ್ದರಿಂದ ಹುಡುಗ ಉಳಿದ. ನೀರು ಕಾಯಿಸುವ ಆ ರಾಡನ್ನು ಮರುದಿನ ನನ್ನ ಬಳಿ ತಂದುಕೊಟ್ಟರು.

ಹಿಡಿಯ ಸ್ಕ್ರೂಗಳನ್ನು ಬಿಚ್ಚಿ ನೋಡಿದೆ. ಕೆಂಪು, ಕಪ್ಪು ತಂತಿಗಳು ಕಾಯಿಲ್‌ನ ಎರಡು ತುದಿಗಳಿಗೆ ಸೇರಿದ್ದವು. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಹಸಿರು ಅರ್ತಿಂಗ್ ತಂತಿಯನ್ನು ಬೆರಳಗಲ ಬಿಟ್ಟು ಕತ್ತರಿಸಿ, ಮಡಚಿ, ಮೇಲೆ ಟೇಪು ಸುತ್ತಿದ್ದರು. ಪ್ಲಗ್ಗಿನ ದಪ್ಪ ಪಿನ್ನಿಗೂ ರಾಡಿನ ಲೋಹದ ಕೊಳವೆಗೂ ಸಂಬಂಧವೇ ಇರಲಿಲ್ಲ. ಆ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು, ಪ್ಲಗ್ ಸಿಕ್ಕಿಸುವಾಗ ಅರ್ತಿಂಗ್ ಎಲ್ಲಕ್ಕಿಂತ ಮೊದಲು ತಾಗಿ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂದು. ಗೃಹೋಪಯೋಗಿ ಉಪಕರಣಗಳ ಸುರಕ್ಷತೆಗಾಗಿ ಇರುವ ಐಎಸ್ 302 ಮಾನಕದ ಪ್ರಕಾರ ಅರ್ತ್ ಟರ್ಮಿನಲ್ಲಿಗೂ ಅದಕ್ಕೆ ಜೋಡಿಸಬೇಕಾದ ಲೋಹದ ಭಾಗಕ್ಕೂ ನಡುವಿನ ರೋಧ 0.1 ಓಮ್ ಮೀರುವಂತಿಲ್ಲ. ಇಲ್ಲಿ ನನ್ನ ಮೀಟರಿನ ಮುಳ್ಳು ಅಲುಗಲೇ ಇಲ್ಲ, ಅಂದರೆ ಸಂಪರ್ಕವೇ ಇರಲಿಲ್ಲ.

ಡಬ್ಬಿಯ ಮೇಲೆ ಐಎಸ್‌ಐ ಮುದ್ರೆ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಮುದ್ರೆಯ ಮೇಲೆ ಇರಬೇಕಾದ ಐಎಸ್ ಸಂಖ್ಯೆಯಾಗಲಿ, ಕೆಳಗೆ ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯಾಗಲಿ ಇರಲಿಲ್ಲ. ಸಂಖ್ಯೆಯಿಲ್ಲದ ಮುದ್ರೆ ಬರೀ ಚಿತ್ರ. ಸಂಖ್ಯೆ ಇದ್ದರೆ, ಈ ಮುದ್ರೆಗೆ ಪರವಾನಗಿ ಕೊಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಅದನ್ನು ಹಾಕಿ, ತಯಾರಕರು ಯಾರು, ಪರವಾನಗಿ ಯಾವ ವಸ್ತುವಿಗೆ, ಅದು ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದನ್ನು ಅಂಗಡಿಯ ಮುಂದೆ ನಿಂತೇ ನೋಡಬಹುದು. ಮೊಬೈಲ್ ಚಾರ್ಜರುಗಳ ಪದ್ಧತಿ ಬೇರೆ. ಅವುಗಳ ಮೇಲೆ ‘ಆರ್’ ಅಕ್ಷರದ ನೋಂದಣಿ ಸಂಖ್ಯೆ ಇರುತ್ತದೆ.

ಮುಂಬಯಿಯ ವಿದ್ಯುತ್ ಸಾಮಾನುಗಳ ಪೇಟೆಯಾದ ಲೋಹಾರ್ ಚಾಳಿನಲ್ಲಿ ಸಾಮಾನು ತರುವಾಗ ನಾನು ಪದೇ ಪದೇ ಕೇಳುವ ಮಾತೆಂದರೆ, “ಸಿಇ ಮಾರ್ಕ್ ಇದೆಯಲ್ಲ, ಇನ್ನೇನು ಬೇಕು?” ಸಿಇ ಯುರೋಪಿನ ಮಾರುಕಟ್ಟೆಯ ಗುರುತು. ವಿದ್ಯುತ್ ಉಪಕರಣಗಳ ಸುರಕ್ಷತೆಗಾಗಿ ಇರುವ ಅಲ್ಲಿನ 2014ರ ಲೋ ವೋಲ್ಟೇಜ್ ನಿರ್ದೇಶನದಡಿ ತಯಾರಕನೇ ಪರೀಕ್ಷೆ ನಡೆಸಿ, ದಾಖಲೆ ಇಟ್ಟುಕೊಂಡು, ತನ್ನ ಹೊಣೆಯ ಮೇಲೆ ಆ ಗುರುತನ್ನು ಹಾಕಿಕೊಳ್ಳುತ್ತಾನೆ. ತಪ್ಪಿದರೆ ಹಿಡಿದು ಕೇಳುವ ವ್ಯವಸ್ಥೆ ಅಲ್ಲಿನ ಮಾರುಕಟ್ಟೆಗೆ ಸೇರಿದ್ದು, ನಮ್ಮ ಬೀದಿಗಲ್ಲ. ಐಎಸ್‌ಐ ಪರವಾನಗಿಗಾದರೋ ಕಾರ್ಖಾನೆಯ ತಪಾಸಣೆಯೂ ಮಾದರಿಯ ಪರೀಕ್ಷೆಯೂ ಆಗಬೇಕು, ಆಮೇಲೂ ಮಾರುಕಟ್ಟೆಯಿಂದ ಮಾದರಿ ಎತ್ತಿ ನೋಡುವ ಕ್ರಮವಿದೆ. ಆದ್ದರಿಂದ ಸಿಇ ಗುರುತು ಐಎಸ್‌ಐಗೆ ಬದಲಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇಂಥ ರಾಡುಗಳಿಗೆ 2003ರ ಗುಣಮಟ್ಟ ನಿಯಂತ್ರಣ ಆದೇಶದಲ್ಲೇ ಮುದ್ರೆಯನ್ನು ಕಡ್ಡಾಯ ಮಾಡಲಾಯಿತು. 2016ರ ಬಿಐಎಸ್ ಕಾಯ್ದೆ ತಯಾರಕನನ್ನಷ್ಟೇ ಅಲ್ಲ, ಮುದ್ರೆಯಿಲ್ಲದ್ದನ್ನು ಆಮದು ಮಾಡುವವನನ್ನೂ ಮಾರುವವನನ್ನೂ ದಾಸ್ತಾನು ಇಡುವವನನ್ನೂ ಹೊಣೆ ಮಾಡುತ್ತದೆ. ಪರವಾನಗಿಯ ಖರ್ಚು ಸಣ್ಣ ತಯಾರಕರಿಗೆ ಭಾರ ಎಂಬುದು ಸುಳ್ಳಲ್ಲ. ಶುಲ್ಕ ಇಳಿಸಲಿ, ಪ್ರಯೋಗಾಲಯಗಳನ್ನು ಹೆಚ್ಚಿಸಲಿ. ಪರೀಕ್ಷೆಯನ್ನು ಮಾತ್ರ ಬಿಡಬಾರದು. ಹಸಿರು ತಂತಿಯನ್ನು ಸರಿಯಾಗಿ ಬೆಸೆಯುವ ಪ್ರಾಮಾಣಿಕನಿಗೆ, ಅದನ್ನು ಕತ್ತರಿಸಿ ಅಗ್ಗಕ್ಕೆ ಮಾರುವವನ ಎದುರು ಬೇರೆ ರಕ್ಷಣೆ ಏನಿದೆ?

ಆ ಕೋಣೆಗೆ ಈಗ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬಿದ್ದು ಸರಬರಾಜು ಕಡಿಯುವ ಸ್ವಿಚ್, ಹಾಕಿದ್ದೇನೆ. ಅರ್ತಿಂಗ್ ಸರಿಯಿದ್ದರೆ ಸೋರಿಕೆ ಆದ ಕೂಡಲೇ ಅದು ಬೀಳುತ್ತದೆ. ಇಲ್ಲದಿದ್ದರೆ ಕರೆಂಟು ಯಾರದೋ ಮೈಯಲ್ಲಿ ಹರಿದ ಮೇಲಷ್ಟೇ ಬೀಳುತ್ತದೆ ಎಂಬುದನ್ನೂ ಹುಡುಗರಿಗೆ ಬಿಡಿಸಿ ಹೇಳಿದ್ದೇನೆ. ಹಳೆಯ ರಾಡು ನನ್ನ ಚೀಲದಲ್ಲೇ ಇದೆ. ನಮ್ಮ ಸಂಘದ ಮುಂದಿನ ಸಭೆಗೆ ಅದನ್ನು ತರುತ್ತೇನೆ, ಹಿಡಿ ಬಿಚ್ಚಿದ ಸ್ಥಿತಿಯಲ್ಲೇ. ಬಂದವರು ಆ ತಂತಿಯನ್ನು ಕಣ್ಣಾರೆ ನೋಡಬೇಕು.