ಅಂಗಳದ ಅಡಿಕೆಯೂ ಮಗನ ಮೀಟಿಂಗೂ

ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡೆಯ ಬುಡದಲ್ಲಿರುವ ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಗಂಡಸರಿದ್ದೇವೆ. ಒಬ್ಬರು ಮಾಡುವುದನ್ನು ಇನ್ನೊಬ್ಬರು ಕೆಲಸವೆಂದು ಒಪ್ಪಿದ್ದೇ ಇಲ್ಲ. 84 ದಾಟಿದ ನನ್ನ ಅಪ್ಪನ ಲೆಕ್ಕದಲ್ಲಿ, ಸಂಜೆ ಮೀಯುವಾಗ ಕಾಲಿನಿಂದ ಕೆಂಪು ಮಣ್ಣು ಇಳಿದರೆ ಮಾತ್ರ ಅದು ಕೆಲಸ. ಎಳೆಯ ಪ್ರಾಯದಲ್ಲಿ ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ನೀರಿಗಾಗಿ ಸುರಂಗ ಕೊರೆಯುವಾಗ, ಮೊಂಬತ್ತಿಯ ಬೆಳಕಿನಲ್ಲಿ ಬಗ್ಗಿ ನಡೆದು ಮಣ್ಣು ಹೊತ್ತು ಹೊರಗೆ ಹಾಕಿದವರು ಅವರು. ಆ ಸುರಂಗದ ನೀರು ಇಂದಿಗೂ ತೋಟದ ಟಾಂಕಿಗೆ ಬೀಳುತ್ತಿರುವಾಗ, ನಾನು 28 ವರ್ಷ ಬರೆದ ಫೈಲುಗಳಿಂದ ಒಂದು ಹನಿಯಾದರೂ ಬಂದಿದೆಯೇ ಎಂದು ಅವರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ನಾನು ಪಿ.ಎಸ್.ಸಿ. ಪರೀಕ್ಷೆ ಬರೆದು ಸರಕಾರಿ ಕಚೇರಿ ಸೇರಿದವನು. ಕೇರಳದ ನಿಯಮದಂತೆ 56ಕ್ಕೆ ನಿವೃತ್ತನಾಗಿ, ಹಾರ, ಶಾಲು, ಗಡಿಯಾರಗಳೊಂದಿಗೆ ಮನೆಗೆ ಬಂದ ದಿನ ಅಪ್ಪ ನನ್ನನ್ನು ಬದಿಗೆ ಕರೆದು ತಗ್ಗಿದ ಸ್ವರದಲ್ಲಿ, "ಇಷ್ಟು ಬೇಗ ಕಳುಹಿಸಿದ್ದೆಂತಕೆ? ಎಂತಾದರೂ ತಪ್ಪು ಮಾಡಿದೆಯೋ?" ಎಂದು ವಿಚಾರಿಸಿದ್ದರು. ಆ ಪ್ರಾಯದಲ್ಲಿ ಅವರು ಹೊಸ ತೋಟಕ್ಕೆ ಗುಂಡಿ ತೆಗೆಸುತ್ತಿದ್ದರಂತೆ.

ಮಗನೋ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯ ಜಗಲಿಯಿಂದಲೇ ದುಡಿಯುತ್ತಾನೆ. ನಾಲ್ಕು ವರ್ಷಗಳಲ್ಲಿ ಇದು ಅವನ ಮೂರನೆಯ ಕಂಪನಿ. "ವರ್ಷಕ್ಕೊಮ್ಮೆ ಕಿತ್ತು ನೆಟ್ಟರೆ ಅಡಿಕೆ ಸಸಿ ಫಸಲು ಕೊಟ್ಟೀತೇ?" ಎಂದು ನಾನು ಬುದ್ಧಿ ಹೇಳಿದ್ದುಂಟು, ಹೇಳಿದ ಮೇಲೆ, ಅದು ಅಪ್ಪನದೇ ಸ್ವರವೆಂದು ಗೊತ್ತಾಗಿ ಸುಮ್ಮನಾದೆ. ಅಪ್ಪನಂತೂ ಬಂದವರಿಗೆಲ್ಲ "ಮಾಣಿಗೆ ರಜೆ" ಎಂದೇ ಹೇಳುತ್ತಿದ್ದರು.

ಕಳೆದ ಡಿಸೆಂಬರಿನಲ್ಲಿ, ಅಡಿಕೆ ಅಂಗಳಕ್ಕೆ ಬಿದ್ದು ಮೂವತ್ತು ದಿನವಾಗಿತ್ತು. ಸಿಪ್ಪೆ ಸಮೇತ ಒಣಗಿಸಿ ಸುಲಿಯುವ ಚಾಲಿ ಅಡಿಕೆಯಾಗಲು 40-45 ದಿನಗಳ ಬಿಸಿಲು ಬೇಕು. ನಡುವೆ ನೆನೆದರೆ ಬೂಸಲು ಹಿಡಿದು ದರ ಬೀಳುತ್ತದೆ. ಮಧ್ಯಾಹ್ನ ಮೂರಕ್ಕೆ ಮಗ ಮೇಲೆ ಇಸ್ತ್ರಿಯ ಅಂಗಿ, ಕೆಳಗೆ ಬರೇ ಬೈರಾಸು, ಅಂದರೆ ಮೈ ಒರೆಸುವ ವಸ್ತ್ರ, ಸುತ್ತಿಕೊಂಡು ಮೇಲಧಿಕಾರಿಗಳಿಗೆ ಏನನ್ನೋ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಾಗ, ಆಕಾಶ ಒಮ್ಮೆಲೇ ಕಪ್ಪಾಯಿತು. "ಮಾಣೀ! ಮಳೆ ಬಂತು! ಅಡಕ್ಕೆ ಬಾಚು!" ಎಂದು ಅಪ್ಪ ಕೂಗಿದ್ದು ಮಗನ ಮೈಕಿನ ಮೂಲಕ ಬೆಂಗಳೂರನ್ನೂ ತಲುಪಿತು. ಆ ಸ್ವರಕ್ಕೆ ನಮ್ಮ ಮನೆಯಲ್ಲಿ ಯಾರೂ ಯೋಚಿಸಿ ಎದ್ದದ್ದಿಲ್ಲ. ಮಗನೂ ಎದ್ದ, ಕ್ಯಾಮರಾ ಆರಿಸಿರಲಿಲ್ಲ. ಬೈರಾಸಿನ ದರ್ಶನ ಎಲ್ಲರಿಗೂ ಆಯಿತು.

ನಾವು ಮೂವರೂ ಹೆಡಿಗೆ, ಟಾರ್ಪಾಲು ಹಿಡಿದು ಓಡಾಡಿ, ಅರ್ಧ ಬಾಚಿ ಅರ್ಧ ಮುಚ್ಚಿ ಮುಗಿಸುವಷ್ಟರಲ್ಲಿ ಹತ್ತು ಹನಿ ಬಿದ್ದು ಮಳೆ ಹಿಂದಿರುಗಿತು. ಕೆಲಸ ಹೋಯಿತೆಂದೇ ಭಾವಿಸಿ ಮಗ ಲ್ಯಾಪ್‌ಟಾಪಿನ ಎದುರು ಕುಳಿತರೆ, ಅಲ್ಲಿ ಮೇಲಧಿಕಾರಿ ಅಚ್ಚ ಕನ್ನಡದಲ್ಲಿ, "ಅಡಿಕೆ ನೆನೆಯಲಿಲ್ಲವಷ್ಟೆ?" ಎಂದು ಕೇಳಿದರು. ಶಿರಸಿಯ ಕಡೆಯವರಂತೆ, ಅವರ ತಂದೆಯವರದೂ ಇದೇ ಕೂಗಂತೆ. ತಲೆ ಒರೆಸಿಕೊಳ್ಳುತ್ತಿದ್ದ ಅಪ್ಪ ಪರದೆಯ ಹತ್ತಿರ ಬಗ್ಗಿ, "ನಿಮಗೆ ಎಷ್ಟು ಎಕ್ರೆ?" ಎಂದು ಶುರುಮಾಡಿ, ಹೊಸ ಅಡಿಕೆಗಿಂತ ಹಳೆಯದಕ್ಕೆ ದರ ಹೆಚ್ಚಿರುವಾಗ ಅವಸರದಲ್ಲಿ ಮಾರಬಾರದೆಂಬಲ್ಲಿಯವರೆಗೆ ಇಪ್ಪತ್ತು ನಿಮಿಷ ಮಾತಾಡಿದರು. ಮಗನ ವಿವರಣೆಯನ್ನು ಮರುದಿನಕ್ಕೆ ಮುಂದೂಡಲಾಯಿತು.

ಮೊನ್ನೆ ಪುನಃ ಮೋಡ ಕವಿಯಿತು. ನಾನು ಜಗಲಿಯಲ್ಲಿ ಪೇಪರು ಓದುತ್ತಿದ್ದೆ, ಮಗ ಮೀಟಿಂಗಿನಲ್ಲಿದ್ದ. ಅಪ್ಪ ಈ ಸಲ ಕೂಗಲಿಲ್ಲ, ಮೆಲ್ಲನೆ ನನ್ನ ಬಳಿಗೆ ಬಂದು ಪಿಸುಗುಟ್ಟಿದರು: "ಮಾಣಿಗೆ ಕೆಲಸ ಇದ್ದು. ನೀನು ಖಾಲಿ ಅಲ್ಲದೋ, ಹೆಡಗೆ ತಾ."